ಇಲಿಯ ನೋವನ್ನು ಅಳೆಯೋದು ಹೇಗೆ?

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ಉರಿಯೂತಕ್ಕೆ ಔಷಧಿ ಹುಡುಕುವವರು ಮೊದಲು ಬೆನ್ನು ಹತ್ತಿದ್ದು ಬ್ಯಾಕ್ಟೀರಿಯಾವನ್ನು. 1968ರಲ್ಲಿ ಮಿಯರ್ಸ್ ಮತ್ತು ಸ್ಟೇಮಿ ಎಂಬ ವೈದ್ಯರು ಒಂದು ಪರೀಕ್ಷೆ ರೂಪಿಸಿದರು. ಮೂತ್ರವನ್ನೂ ಗ್ರಂಥಿಯ ಸ್ರಾವವನ್ನೂ ಬೇರೆ ಬೇರೆ ಹಿಡಿದು, ಸೋಂಕು ಎಲ್ಲಿದೆ ಅಂತ ನೋಡುವುದು. ತೊಂದರೆ ಏನೆಂದರೆ, ಹೆಚ್ಚಿನವರಲ್ಲಿ ಬ್ಯಾಕ್ಟೀರಿಯಾ ಸಿಗಲೇ ಇಲ್ಲ.

1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ಕಾಯಿಲೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ರೋಗಿಗಳಲ್ಲಿ ಬಹುಪಾಲು ಜನ ಮೂರನೆಯ ಬಗೆಯವರು: ಕೆಳಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನೋವು, ಆದರೆ ಸೋಂಕಿಲ್ಲ. ಇವರಲ್ಲಿ ಕೆಲವರಿಗೆ ಉರಿಯೂತದ ಗುರುತೂ ಇಲ್ಲ. ನಾಲ್ಕನೆಯ ಬಗೆ ಇದರ ತಿರುವುಮುರುವು. ಉರಿಯೂತ ಇದೆ, ನೋವೇ ಇಲ್ಲ! ಹಾಗಾದರೆ ಎರಡಕ್ಕೂ ನಂಟು ಎಲ್ಲಿದೆ?

ಪ್ರಯೋಗಾಲಯದಲ್ಲಿ ಮಾತ್ರ ಉರಿಯೂತವೇ ಮುಖ್ಯವಾಗಿತ್ತು. ಇಲಿಗಳಲ್ಲಿ ಅದನ್ನು ಹುಟ್ಟಿಸಲು ಹಲವು ದಾರಿಗಳಿವೆ. ಪ್ರಾಸ್ಟೇಟ್ ಅಂಗಾಂಶದ ಸಾರವನ್ನು ಚುಚ್ಚಿ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವಂತೆ ಮಾಡುವುದು ಒಂದು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕೊಡುವುದು ಇನ್ನೊಂದು. ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಚುಚ್ಚಿದರೂ ಆಯಿತು. ಆಮೇಲೆ ಔಷಧಿ ಕೊಟ್ಟು, ಗ್ರಂಥಿಯನ್ನು ತೆಳುವಾಗಿ ಕತ್ತರಿಸಿ, ಉರಿಯೂತದ ಗುರುತಾದ ಬಿಳಿ ರಕ್ತಕಣ ಸೂಕ್ಷ್ಮದರ್ಶಕದಡಿ ಎಷ್ಟು ಕಮ್ಮಿಯಾಗಿವೆ ಅಂತ ನೋಡುವುದು. ಆದರೆ ರೋಗಿ ವೈದ್ಯರ ಬಳಿ ಬರುವುದು ರಕ್ತಕಣ ಜಾಸ್ತಿಯಾಗಿದೆ ಅಂತಲ್ಲ, ನೋವು ಅಂತ ತಾನೆ?

ಮನುಷ್ಯರ ಮೇಲಿನ ಪರೀಕ್ಷೆಗಳೂ ಸಮಾಧಾನ ತರಲಿಲ್ಲ. 2004ರಲ್ಲಿ 196 ಗಂಡಸರಿಗೆ ಆರು ವಾರ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್, ಪ್ರಾಸ್ಟೇಟಿನ ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್ ಕೊಟ್ಟು ನೋಡಿದರು. ಹುಸಿ ಮಾತ್ರೆಗಿಂತ ಅವು ಮೇಲು ಅಂತ ತೋರಲಿಲ್ಲ.

ಆ ದಶಕದ ಕೊನೆಗೆ ಪ್ರಯೋಗಾಲಯಗಳಲ್ಲಿ ಅಳತೆಗೋಲು ಬದಲಾಗತೊಡಗಿತು. ಇಲಿಯನ್ನು ತಂತಿ ಜಾಲರಿಯ ಮೇಲೆ ಬಿಟ್ಟು, ಕೆಳಗಿನಿಂದ ಕೂದಲಿನಂಥ ಎಳೆಯಲ್ಲಿ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒತ್ತುತ್ತಾರೆ. ಮಾಮೂಲಿ ಇಲಿ ಸುಮ್ನೆ ಇರುತ್ತದೆ. ನೋವಿರುವುದು ಹೊಟ್ಟೆಯನ್ನು ಎಳೆದುಕೊಳ್ಳುತ್ತದೆ, ನೆಕ್ಕುತ್ತದೆ, ಹಾರುತ್ತದೆ. ಈ ವಿಧಾನದಿಂದ ಅಮೆರಿಕದ ಸಂಶೋಧಕರು 2011ರಲ್ಲಿ ಒಂದು ಸ್ವಾರಸ್ಯದ ಸಂಗತಿ ಕಂಡರು. ರೋಗಿಯೊಬ್ಬರಿಂದ ತೆಗೆದ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಒಂದು ತಳಿಯ ಇಲಿಗಳಿಗೆ ಸೋಂಕಿಸಿದಾಗ, ಬ್ಯಾಕ್ಟೀರಿಯಾ ಹೋದ ಮೇಲೂ ನೋವು ಉಳಿಯಿತು. ಇನ್ನೊಂದು ತಳಿಯಲ್ಲಿ ಅಂಥ ನೋವೇ ಕಾಣಲಿಲ್ಲ.

ಹಾಗಂತ ಇಲಿ ಮನುಷ್ಯನಾಗುವುದಿಲ್ಲ. ಅದರ ಪ್ರಾಸ್ಟೇಟ್ ಬಿಡಿಬಿಡಿ ಹಾಲೆಗಳ ಗೊಂಚಲು, ನಮ್ಮದು ಒಂದೇ ಗಟ್ಟಿ ಮುದ್ದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಸಮಯದ ಅಂತರ. ಮನುಷ್ಯರಲ್ಲಿ ಕನಿಷ್ಠ ಮೂರು ತಿಂಗಳು ನೋವಿದ್ದರೆ ಮಾತ್ರ ಈ ಕಾಯಿಲೆ ಅಂತ ಲೆಕ್ಕ. ಇಲಿಗಳಲ್ಲಿ ಎಷ್ಟೋ ಪ್ರಯೋಗಗಳು ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತವೆ.