25 ಫ್ರೇಮಿನ ವಿಡಿಯೊ ಕಂಪ್ಯೂಟರಿನಲ್ಲಿ ಯಾಕೆ ತಡವರಿಸುತ್ತದೆ?

ಪ್ರಶ್ನೆ: ಊರಿನ ತೇರನ್ನು ಕ್ಯಾಮೆರಾದಲ್ಲಿ 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮು, ಅಂದರೆ 25 ಬಿಡಿ ಚಿತ್ರ) ಇಟ್ಟು ಶೂಟ್ ಮಾಡಿದೆ. ಟಿವಿಯಲ್ಲಿ ಸರಾಗವಾಗಿ ಓಡುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ತೇರು ತಡೆತಡೆದು ಸಾಗುತ್ತದೆ. ಕಂಪ್ಯೂಟರ್ ಬದಲಿಸಬೇಕೇ?

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಒಂದು ಭಾಗಾಕಾರ ಮಾಡಿ ನೋಡಿ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 60ನ್ನು 25ರಿಂದ ಭಾಗಿಸಿದರೆ 2.4. ಒಂದು ಫ್ರೇಮನ್ನು 2.4 ಸಲ ತೋರಿಸಲು ಬರುವುದಿಲ್ಲವಲ್ಲ! ಹಾಗಾಗಿ ಕೆಲವು ಫ್ರೇಮು ಎರಡು ಸಲ, ಕೆಲವು ಮೂರು ಸಲ ಬರುತ್ತವೆ: 2, 2, 3, 2, 3. ಒಂದು 33 ಮಿಲಿಸೆಕೆಂಡ್ ನಿಂತರೆ ಮತ್ತೊಂದು 50. ಕೂತು ಮಾತಾಡುವವರ ವಿಡಿಯೊದಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ತೇರಿನ ಕಳಶವನ್ನೇ ದಿಟ್ಟಿಸಿ ನೋಡಿ. ಕಣ್ಣು ಅದರ ಬೆನ್ನಿಗೇ ಒಂದೇ ವೇಗದಲ್ಲಿ ಸಾಗುತ್ತಿರುತ್ತದೆ. ಕಳಶ ಅರೆಕ್ಷಣ ಹೆಚ್ಚು ನಿಂತರೂ ಕಣ್ಣಿಗೆ ಸಿಕ್ಕಿಬೀಳುತ್ತದೆ.

25 ಬಂದದ್ದು ನಮ್ಮ 50 ಹರ್ಟ್ಸ್ ಕರೆಂಟಿನ ಜೊತೆ ಬೆಳೆದ ಟಿವಿ ಪದ್ಧತಿಯಿಂದ. ಟಿವಿಗೆ ಸೆಕೆಂಡಿಗೆ 50 ಸಲದ ಲಯ ಗೊತ್ತು, ಅದಕ್ಕೇ ಅಲ್ಲಿ ಸರಿಯಾಗಿತ್ತು.

ಕಂಪ್ಯೂಟರ್, ಮೊಬೈಲಿನಲ್ಲಿ ನೋಡುವುದಕ್ಕೇ ತೆಗೆಯುವುದಾದರೆ ನಾನು 30 ಇಡುತ್ತೇನೆ, ಕುಣಿತವಿದ್ದರೆ 60. ಯಕ್ಷಗಾನದ ಧೀಂಗಿಣಕ್ಕೆ 60 ಇಲ್ಲದೆ ನನಗೆ ಸಮಾಧಾನವಿಲ್ಲ. ಮೆನುವಿನಲ್ಲಿ 30 ಕಾಣದಿದ್ದರೆ ಪಾಲ್ (ನಮ್ಮ 50ರ ಟಿವಿ ಪದ್ಧತಿ) ಬದಲು ಎನ್‌ಟಿಎಸ್‌ಸಿ (ಅಮೆರಿಕದ 60ರ ಪದ್ಧತಿ) ಆರಿಸಿ. ಆಗ ಕೆಲವು ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಫೈಲುಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ನಮ್ಮ ಕರೆಂಟಿನಲ್ಲಿ ಎಷ್ಟೋ ಟ್ಯೂಬ್‌ಲೈಟು, ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮಿಗೆ ರೂಢಿಯಂತೆ ಶಟರ್ (ಒಂದೊಂದು ಫ್ರೇಮು ಬೆಳಕು ಹಿಡಿಯುವ ಹೊತ್ತು) 1/60 ಸೆಕೆಂಡ್ ಇಟ್ಟರೆ ಆ ಮಿನುಗಿನ ಜೊತೆ ಹೊಂದದೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಶಟರ್ 1/50 ಇಡಿ. 60 ಫ್ರೇಮಿಗಾದರೆ 1/100. 1/100ರಲ್ಲಿ ಚಿತ್ರ ಸ್ವಲ್ಪ ಮಂಕಾಗುತ್ತದೆ, ಐಎಸ್‌ಒ (ಕ್ಯಾಮೆರಾ ಚಿತ್ರವನ್ನು ಬೆಳಗಿಸುವ ಮಟ್ಟ) ಏರಿಸಿಕೊಳ್ಳಿ. ಹಗಲು ಬಯಲಿನಲ್ಲಿ ಈ ಚಿಂತೆ ಇಲ್ಲ.

ಈಗಾಗಲೇ ತೆಗೆದಿರುವ ತೇರನ್ನು ಎಡಿಟಿಂಗಿನಲ್ಲಿ 30ಕ್ಕೆ ಬದಲಿಸಲು ಹೋಗಬೇಡಿ. ಸಾಮಾನ್ಯವಾಗಿ ಐದು ಫ್ರೇಮಿಗೊಂದು ನಕಲು ಸೇರಿ, ತಡವರಿಕೆ ಫೈಲಿನಲ್ಲೇ ಉಳಿದುಬಿಡುತ್ತದೆ. 25ರಲ್ಲೇ ಇರಲಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ) ನೋಡಿ. 25ರಿಂದ ಶೇಷವಿಲ್ಲದೆ ಭಾಗವಾಗುವ 50 ಅಥವಾ 75 ಇದ್ದರೆ ಅದನ್ನು ಆರಿಸಿ, ಫುಲ್ ಸ್ಕ್ರೀನಿನಲ್ಲಿ ಮತ್ತೆ ಪ್ಲೇ ಮಾಡಿ, ಕಳಶದ ಮೇಲೆ ಕಣ್ಣಿಡಿ.