ಕಲ್ಲಿನ ನಡುವಿನವರೆಗೂ ಅಳೀಬೇಕು

ವಿಜ್ಞಾನದ ಕ್ಲಾಸಲ್ಲಿ ಪ್ರಯೋಗ ಮಾಡಿಸ್ತಾ ಕೂತ್ರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿದ್ದೋಗುತ್ತೆ ಅಂತಾರೆ ಒಂದಷ್ಟು ಜನ. ಮಕ್ಕಳನ್ನ ಅವರ ಪಾಡಿಗೆ ಬಿಟ್ರೆ ಎಲ್ಲಾ ತಾವೇ ಕಂಡ್ಕೊಳ್ತಾರೆ ಅಂತ ಇನ್ನೊಂದಷ್ಟು ಜನ. ಎರಡೂ ಸರಿಯಲ್ಲ.

ಗೌರಿಬಿದನೂರು ಕಡೆ ಒಂದು ಶಾಲೇಲಿ ಮಕ್ಕಳು ಕಿಟಕಿ ಸರಳಿಗೆ 24 ಸೆಂಟಿಮೀಟರ್ ದಾರದಲ್ಲಿ ಗೋಲಿಯಷ್ಟು ಕಲ್ಲು ಕಟ್ಟಿ ತೂಗಿದ್ರು, ಹತ್ತು ಸಲ ಹೋಗಿಬರೋಕೆ 10 ಸೆಕೆಂಡು. ಅದೇ ದಾರಕ್ಕೆ ಮುಷ್ಟಿಗಾತ್ರದ ಕಲ್ಲು ಕಟ್ಟಿದ್ರೆ ಹತ್ತೂವರೆ ದಾಟ್ತು. "ತೂಕ ಜಾಸ್ತಿ ಆದ್ರೆ ನಿಧಾನ ಆಗ್ತದೆ ಸಾ" ಅಂತ ನೋಟ್ಸಲ್ಲಿ ಬರ್ದೂಬಿಟ್ರು. ಮೇಷ್ಟ್ರು ಕೇಳಿದ್ದು ಒಂದೇ ಮಾತು, "ಎಲ್ಲಿಂದ ಎಲ್ಲೀವರೆಗೆ ಅಳೆದ್ರೋ?" ಲೋಲಕದ ಉದ್ದ ಅಂದ್ರೆ ಕಲ್ಲಿನ ನಡುವಿನವರೆಗೆ, ದಪ್ಪ ಕಲ್ಲಿನ ನಡು ಕೆಳಗಿಳಿದಿತ್ತು. ದಾರ ಗಿಡ್ಡ ಮಾಡಿದ್ರು, ಮತ್ತೆ 10.

ಆ ಪ್ರಶ್ನೆ ಯಾಕೆ ಬೇಕಿತ್ತು ಅಂದ್ರೆ, ನಮ್ಮ ತಲೆ ಒಂದೇ ಹೊತ್ತಿಗೆ ಸುಮಾರು ನಾಕು ಹೊಸ ವಿಷಯ ಮಾತ್ರ ಹಿಡಿಯುತ್ತೆ. ಶ್ರೀನಿವಾಸಪುರದ ತೋಟದಲ್ಲಿ ಬರೀ ಕೈಲಿ ಮಾವಿನಹಣ್ಣು ಹಿಡಿದಂಗೆ, ಐದನೇದು ತಗೊಂಡ್ರೆ ಮೊದಲನೇದು ಜಾರುತ್ತೆ. ಬಲ್ಲವರಿಗೆ ಹಂಗಲ್ಲ, ಕೋಲಾರದ ಮಂಡೀಲಿ ಟೊಮೆಟೊ ಯಾರೂ ಒಂದೊಂದಾಗಿ ಎಣಿಸಲ್ಲ, ಬಾಕ್ಸ್ ಲೆಕ್ಕ ಅಲ್ವಾ, ಮೇಷ್ಟ್ರ ತಲೇಲಿ ದಾರ, ತೂಕ, ಉದ್ದ, ಟೈಮು ಎಲ್ಲಾ ಸೇರಿ ಒಂದೇ ಬಾಕ್ಸು, ಮಗೂಗೆ ಇನ್ನೂ ಬಿಡಿಹಣ್ಣು.

ಬೇರೆಬೇರೆ ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸೋ ಪೀಸಾ ಅನ್ನೋ ಪರೀಕ್ಷೇಲಿ, 2015ರಲ್ಲಿ (ಭಾರತ ಅದ್ರಲ್ಲಿ ಇರ್ಲಿಲ್ಲ) ಪ್ರಯೋಗ, ಚರ್ಚೆ ಪದೇಪದೇ ಮಾಡ್ತೀವಿ ಅಂದ ಮಕ್ಕಳಿಗೆ ಬಹಳಷ್ಟು ದೇಶಗಳಲ್ಲಿ ವಿಜ್ಞಾನದ ಅಂಕ ಕಡಿಮೆ ಬಂದಿತ್ತು. ನೋಡಿ ಅಂತ ಉರು ಹೊಡೆಸೋರು ಕುಣಿದ್ರು. ಆದ್ರೆ 2011ರಲ್ಲಿ 164 ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದಾಗ ಸಿಕ್ಕಿದ್ದು ಬೇರೆ: ಸುಮ್ನೆ ಬಿಟ್ಟು ಕಲಿಸೋದಕ್ಕಿಂತ ನೇರ ಪಾಠ ಮೇಲು, ಕೈಹಿಡಿದು ಹುಡುಕಿಸೋದು ಬೇರೆಲ್ಲ ವಿಧಾನಕ್ಕಿಂತ ಮೇಲು.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ 1920ರಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳಿ ಅಂತ ಜೀವನಪೂರ್ತಿ ಹೇಳಿದ್ರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ್ರು. ಅವರ ನೆಲದಲ್ಲೇ ಈಗ ಪಾಸಾಗೋಕೆ ಬೇಕಾದಷ್ಟೇ ಉರು ಹೊಡೆಸೋ ಪಾಸಿಂಗ್ ಪ್ಯಾಕೇಜು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಧ್ಯಪ್ರದೇಶದಲ್ಲಿ ಶಾಲೆ ಮಕ್ಕಳಿಗೆ ಪ್ರಯೋಗದಿಂದ ವಿಜ್ಞಾನ ಕಲಿಸೋ ಹೋಶಂಗಾಬಾದ್ ಕಾರ್ಯಕ್ರಮ 1972ರಿಂದ 2002ರವರೆಗೆ ನಡೀತು, ಅಲ್ಲಿ ಪುಸ್ತಕ ತೆರೆದಿಟ್ಕೊಂಡೇ ಪರೀಕ್ಷೆ, ಕೈಯಾರೆ ಪ್ರಯೋಗ ಮಾಡಿ ತೋರಿಸೋದಕ್ಕೂ ಅಂಕ. ನಮ್ಮ ಪ್ರಶ್ನೆಪತ್ರಿಕೆ ವ್ಯಾಖ್ಯೆ ಬರೀರಿ ಅಂತ ಕೇಳ್ತಾ ಇದ್ರೆ ಆ ಕಿಟಕಿ ಹತ್ರ ಕಲಿತಿದ್ದಕ್ಕೆ ಅಂಕ ಎಲ್ಲಿಂದ ಬರ್ಬೇಕು?

ಆ ಮಕ್ಕಳು ಆಮೇಲೆ ಲೋಲಕದ ಉದ್ದ ಒಂದು ಮೀಟರ್ ಮಾಡಿದ್ರು. ನಾಕರಷ್ಟು ಉದ್ದ, ಅಂದ್ರೆ 40 ಸೆಕೆಂಡು ಅಂದಿದ್ಲು ಒಬ್ಳು ಹುಡುಗಿ. ಬಂದಿದ್ದು 20. ಬೆಲ್ ಹೊಡೆದ್ರೂ ಅವಳು ಎದ್ದೇಳಲಿಲ್ಲ, ಸ್ಕೇಲ್ ಇಟ್ಟು ಕಲ್ಲಿನ ನಡುವಿನವರೆಗೂ ಮತ್ತೊಂದ್ಸಲ ಅಳೀತಿದ್ಲು.