ರೌಂಡ್ ಬಾರ್ನ್: ಮೂಲೆಯಿಲ್ಲದ ಕೊಟ್ಟಿಗೆ

ಬಾರ್ನ್ ಅಂದರೆ ಕೊಟ್ಟಿಗೆ ಅಂತ ಬರೆದುಬಿಡುತ್ತೇವೆ. ನನಗೆ ಅದು ಅರ್ಧ ಅರ್ಥ ಅನ್ನಿಸುತ್ತದೆ. ನಮ್ಮಲ್ಲಿ ದನ ಕೊಟ್ಟಿಗೆಯಲ್ಲಿ, ಹುಲ್ಲು ಬಣವೆಯಲ್ಲಿ, ಕಾಳು ಕಣಜದಲ್ಲಿ, ಅಲ್ವಾ? ಅಮೆರಿಕದ ಹಿಮ ಬೀಳುವ ಸೀಮೆಯಲ್ಲಿ ಇವೆಲ್ಲ ಒಂದೇ ಸೂರಿನಡಿ ಇದ್ದರೆ ಮಾತ್ರ ಚಳಿಗಾಲ ಕಳೆಯಲು ಸಲೀಸು. ಆ ದೊಡ್ಡ ಕಟ್ಟಡವೇ ಬಾರ್ನ್. ದುಂಡಗೆ ಕಟ್ಟಿದರೆ ಅದು ರೌಂಡ್ ಬಾರ್ನ್.

ದುಂಡಗೆ ಯಾಕೆ? ಮೂಲೆಯಲ್ಲಿ ದೆವ್ವ ಅಡಗಬಾರದು ಅಂತ ಅಲ್ಲಿ ಒಂದು ಕಥೆ ಇದೆ. ಆದರೆ ಒಳಗಿನ ಕೆಲಸ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಮ್ಯಾಸಚೂಸೆಟ್ಸ್‌ನ ಹ್ಯಾನ್‌ಕಾಕ್ ಹಳ್ಳಿಯಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು 1826ರಲ್ಲಿ ಕಟ್ಟಿದ ಕಲ್ಲಿನ ಬಾರ್ನನ್ನೇ ತಗೊಳ್ಳಿ. ಹುಲ್ಲಿನ ಗಾಡಿ ನೇರ ಮೇಲಂತಸ್ತಿಗೆ ಬರುತ್ತಿತ್ತು. ಗೋಡೆಗುಂಟ ಒಂದು ಸುತ್ತು ಹೋಗುತ್ತಾ ಹುಲ್ಲನ್ನು ನಡುವಿನ ಜಾಗಕ್ಕೆ ಕೆಡವುತ್ತಿದ್ದರು. ಗಾಡಿ ಬಂದ ಬಾಗಿಲಲ್ಲೇ ಹೊರಗೆ. ಎತ್ತನ್ನು ಹಿಂದಕ್ಕೆ ನಡೆಸುವ ಪಾಡಿಲ್ಲ. ಕೆಳಗೆ ಸುಮಾರು 50 ಹಸು, ಎಲ್ಲದರ ಮುಖ ನಡುವಿನ ಹುಲ್ಲಿನ ರಾಶಿಗೆ. ನಡುವೆ ನಿಂತವನಿಗೆ ಎಲ್ಲ ಹಸುವೂ ಅಷ್ಟೇ ದೂರ. 1864ರಲ್ಲಿ ಬೆಂಕಿ ಬಿತ್ತು. ಆಮೇಲೂ ಅವರು ದುಂಡಗೇ ಮತ್ತೆ ಕಟ್ಟಿದರು.

ಇದಕ್ಕೂ ಮೊದಲೇ, 1790ರ ದಶಕದಲ್ಲಿ, ಜಾರ್ಜ್ ವಾಷಿಂಗ್ಟನ್ ವರ್ಜೀನಿಯಾದ ತನ್ನ ಹೊಲದಲ್ಲಿ 16 ಮಗ್ಗುಲಿನ, ಹೆಚ್ಚುಕಡಿಮೆ ದುಂಡಗಿನ ಬಾರ್ನ್ ಕಟ್ಟಿಸಿದ್ದ. ಕಟ್ಟಿದವರು, ದುಡಿದವರು ಗುಲಾಮರು. ಅದರ ಕೆಲಸ ನಮ್ಮ ಕಣ ಕಂಡವರಿಗೆ ತಟ್ಟನೆ ಅರ್ಥವಾಗುತ್ತದೆ. ಮೇಟಿಯ ಸುತ್ತ ಹಂತಿ ಹೊಡೆದ ಹಾಗೆ, ಮೇಲಂತಸ್ತಿನಲ್ಲಿ ಕುದುರೆಗಳು ಗೋಧಿ ತುಳಿಯುತ್ತಾ ಸುತ್ತುತ್ತಿದ್ದವು. ನೆಲದ ಹಲಗೆಗಳ ನಡುವೆ ಬೇಕಂತಲೇ ಸಂದು ಬಿಟ್ಟಿದ್ದರು. ಕಾಳು ಕೆಳಗೆ ಉದುರುತ್ತಿತ್ತು, ಹುಲ್ಲು ಮೇಲೇ ಉಳಿಯುತ್ತಿತ್ತು. ಮಳೆ ಬಂದರೆ ರಾಶಿ ನೆನೆಯುವ ಭಯವೂ ಇಲ್ಲ.

ಇಷ್ಟಿದ್ದೂ ಎಲ್ಲರೂ ಇದನ್ನು ಕಟ್ಟಲಿಲ್ಲ. ಮರ ಬಗ್ಗಿಸುವುದು ಕಷ್ಟ. ದನ ಜಾಸ್ತಿಯಾದರೆ ಉದ್ದದ ಬಾರ್ನಿಗೆ ಇನ್ನೊಂದು ಅಂಕಣ ಸೇರಿಸಬಹುದು, ದುಂಡಗಿನದಕ್ಕೆ ಎಲ್ಲಿ ಸೇರಿಸುವುದು?

ಓಕ್ಲಹೋಮಾದ ಆರ್ಕೇಡಿಯಾದಲ್ಲಿ 1898ರಲ್ಲಿ ಓಕ್ ಮರದ ಹಸಿ ಹಲಗೆ ನೆನೆಸಿ ಬಗ್ಗಿಸಿ ಒಂದನ್ನು ಕಟ್ಟಿದರು. ಮೇಲಂತಸ್ತಿಗೆ ನಯವಾದ ಹಲಗೆ ಹಾಕಿಸಿ, ಕುಣಿಯೋಕೆ ಚೆನ್ನಾಗಿರುತ್ತೆ, ಜಾಸ್ತಿ ಆಗೋ ದುಡ್ಡು ನಾವೇ ಕೊಡ್ತೀವಿ ಅಂತ ಕೆಲಸದ ಹುಡುಗರು ಯಜಮಾನನಿಗೆ ದುಂಬಾಲು ಬಿದ್ದರಂತೆ. 1988ರಲ್ಲಿ ಅದರ ಸೂರು ಕುಸಿಯಿತು. ಕೆಲಸದಿಂದ ನಿವೃತ್ತರಾದ ಹಿರಿಯರು ಸೇರಿ 1992ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಆ ಮೇಲಂತಸ್ತಿನಲ್ಲಿ ಈಗಲೂ ಜನ ಸೇರುತ್ತಾರೆ.